ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹದಿನೈದು ನಿಮಿಷ

ನನ್ನ ಅಣ್ಣನ ಮೊಮ್ಮಗಳು ರಶ್ಮಿ ಕಳೆದ ವರ್ಷ ಬೆಳಗಾವಿಯಲ್ಲಿ ಲೋಹಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದಳು. ಮಾದರಿ ತಯಾರಿಸುವ ವಿಭಾಗಕ್ಕೆ ಹಾಕಿದ್ದಾರೆಂದು ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಬೇಸರವಿತ್ತು. "ಅಜ್ಜಾ, ನೀವೂ ಇದನ್ನ ಮಾಡಿದ್ರಂತಲ್ಲ. ಬರೇ ಕೊಯ್ಯೂದು, ತಿಕ್ಕೂದು, ತಣ್ಣಗ ಮಾಡೂದು. ಇದರಾಗ ಕಲಿಯೂದು ಏನೈತಿ?" ಎಂದು ಕೇಳಿದಳು. ನಾನು ಏನೋ ಹಾರಿಕೆಯ ಮಾತಾಡಿ ಫೋನ್ ಇಟ್ಟುಬಿಟ್ಟೆ. ಅವಳಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಕಾಲಿಡುವ ಬೇರೆಯವರೂ ಓದಲಿ.

ನನ್ನ ಊರು ಲಕ್ಷ್ಮೇಶ್ವರ. ಐಟಿಐನಲ್ಲಿ ಮಷಿನಿಸ್ಟ್ ಕಲಿತು, ರೈಲ್ವೆಯಲ್ಲಿದ್ದ ಭಾವನ ಬೆನ್ನು ಹತ್ತಿ ನಾಗಪುರಕ್ಕೆ ಬಂದವನು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತು. ಅದರ ಹೆಸರು ಇಲ್ಲಿ ಬೇಡ. ಸುತ್ತಲಿನ ಕಾರ್ಖಾನೆಗಳಲ್ಲಿ ಯಾವುದಾದರೂ ಲೋಹದ ಭಾಗ ಮುರಿದರೆ, ಒಡೆದರೆ, ಸೀಳಿದರೆ ಅದು ನಮ್ಮಲ್ಲಿಗೆ ಬರುತ್ತಿತ್ತು. ಏಕೆ ಮುರಿಯಿತೆಂದು ಹೇಳುವವರು ಮೇಲಿನ ಮಹಡಿಯ ವಿಜ್ಞಾನಿಗಳು. ಅವರು ನೋಡುವಂತೆ ಅದನ್ನು ಸಿದ್ಧಮಾಡಿ ಕೊಡುವವರು ಕೆಳಗಿನ ಸ್ಯಾಂಪಲ್ ರೂಮಿನ ನಾವು ಇಬ್ಬರು: ನಾನು ಮತ್ತು ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ವಾನಖೇಡೆ.

ವಾನಖೇಡೆ ಕಲಿಸಿದ ಮೊದಲ ಪಾಠ ನಾಲ್ಕೇ ಶಬ್ದದ್ದು. "ಹಾಥ್ ಸೂಖಾ, ಮುಂಹ್ ಬಂದ್." ಕೈ ಒಣಗಿರಲಿ, ಬಾಯಿ ಮುಚ್ಚಿರಲಿ. ನಮ್ಮ ಕೆಲಸದಲ್ಲಿ ಹೆಚ್ಚಿನದು ಲೋಹವನ್ನು ವಿಪರೀತ ತಣ್ಣಗೆ ಮಾಡುವುದು. ಒದ್ದೆ ಕೈಯಿಂದ ಅಂಥ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತದೆ. ಮೊದಲ ತಿಂಗಳಲ್ಲೇ ಬೆವರಿನಿಂದ ತೊಯ್ದ ಕೈಗವಸು ಹಾಕಿಕೊಂಡು ಒಂದು ಸರಳು ಎತ್ತಲು ಹೋಗಿ ಎರಡು ಬೆರಳಿನ ತುದಿಯ ಚರ್ಮ ಕಳೆದುಕೊಂಡಿದ್ದೆ. ಬೆಂಕಿ ಸುಟ್ಟಂತೆಯೇ ಬೊಬ್ಬೆ ಎದ್ದಿತ್ತು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ನನಗೆ ಚಳಿಯ ಗಾಯ. ಮನೆಯಲ್ಲಿ ಹೆಂಡತಿ ಗಿರಿಜಾ ನಂಬಲೇ ಇಲ್ಲ.

ಆಗ ನಮ್ಮಲ್ಲಿ ದಿನವೂ ನಡೆಯುತ್ತಿದ್ದ ಪರೀಕ್ಷೆ ಒಂದಿತ್ತು. ಬೆರಳಿನಷ್ಟು ಉದ್ದದ ಚೌಕ ಸರಳಿನ ನಡುವೆ ಒಂದು ಕಚ್ಚು ಹಾಕಿ, ಸ್ಪಿರಿಟ್ಟಿನಲ್ಲಿ ಡ್ರೈ ಐಸ್ ಬೆರೆಸಿದ ತೊಟ್ಟಿಯಲ್ಲಿ ಮೈನಸ್ ನಲವತ್ತು ಡಿಗ್ರಿಗೆ ತಣಿಸಿ, ಚಿಮಟದಿಂದ ಎತ್ತಿ ಯಂತ್ರದಲ್ಲಿಟ್ಟು, ಲೋಲಕದಂತೆ ತೂಗಿ ಬರುವ ಸುತ್ತಿಗೆಯಿಂದ ಮುರಿಯಬೇಕು. ತೊಟ್ಟಿಯಿಂದ ಎತ್ತಿದ ಮೇಲೆ ಐದು ಸೆಕೆಂಡಿನೊಳಗೆ ಏಟು ಬೀಳಬೇಕು. ಹಿಮದ ಪ್ರದೇಶಕ್ಕೆ ಹೋಗುವ ಉಕ್ಕು ಅಲ್ಲಿ ಗಾಜಿನಂತೆ ಒಡೆಯುತ್ತದೋ ಇಲ್ಲವೋ ಎಂದು ತಿಳಿಯುವ ದಾರಿ ಅದು.

ಒಮ್ಮೆ ನಾನು ಬರೆದು ಕಳಿಸಿದ ಅಂಕಿಗಳನ್ನು ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥರಾದ ಶ್ರೀನಿವಾಸಮೂರ್ತಿಗಳು ತಾವೇ ಕೆಳಗಿಳಿದು ಬಂದರು. ಮೈಸೂರಿನವರು, ಮೆದು ಮಾತಿನ ಮನುಷ್ಯ. ಕನ್ನಡಿಗನೆಂದು ನನ್ನ ಮೇಲೆ ಅವರಿಗೆ ಸ್ವಲ್ಪ ಹೆಚ್ಚಿನ ಸಲಿಗೆ. ಕಾಗದ ತೋರಿಸಿ ಒಂದೇ ಪ್ರಶ್ನೆ ಕೇಳಿದರು.

"ಹೂಗಾರ್, ಚಿಮಟ ಎಲ್ಲಿಟ್ಟಿದ್ರಿ?"

ಮೇಜಿನ ಮೇಲೆ ಇಟ್ಟಿದ್ದೆ. ಚಿಮಟವೂ ತೊಟ್ಟಿಯಲ್ಲೇ ತಣ್ಣಗಾಗುತ್ತಿರಬೇಕು. ಇಲ್ಲದಿದ್ದರೆ ಅದರ ಬಿಸಿ ಸರಳಿನ ಕಚ್ಚಿಗೆ ಹೋಗಿ, ಉಕ್ಕು ಇರುವುದಕ್ಕಿಂತ ಗಟ್ಟಿಯೆಂದು ತೋರುತ್ತದೆ. ಬರೀ ಅಂಕಿ ನೋಡಿ ಅವರು ಮೇಜಿನ ಮೇಲಿದ್ದ ಚಿಮಟವನ್ನು ಕಂಡುಹಿಡಿದಿದ್ದರು. ನಾನು ಕೂಡಲೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಇಡೀ ದಿನದ ಕೆಲಸ ಎಸೆದು ಹೊಸ ಸರಳುಗಳಿಂದ ಮತ್ತೆ ಮಾಡಿಸಿದರು. "ತಪ್ಪು ಮಾಡಿದ್ರೆ ಹೇಳಿ, ಮತ್ತೆ ಮಾಡೋಣ. ಮುಚ್ಚಿಟ್ರೆ ನಾನು ಮೇಲ್ಗಡೆ ಕೂತು ಸುಳ್ಳಿಗೆ ಸಹಿ ಹಾಕ್ತಾ ಇರ್ತೀನಿ" ಎಂದರು. ಆ ಮಾತು ಕೇಳಿಸಿಕೊಂಡವನು ನಾನು. ಕೇಳಿಸಿಕೊಂಡಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಕೆಲವು ವರ್ಷಗಳಲ್ಲಿ ಡ್ರೈ ಐಸ್ ಹಿಂದೆ ಸರಿದು ಲಿಕ್ವಿಡ್ ನೈಟ್ರೋಜನ್ ಬಂತು. ನೀರಿನಂತೆ ಕಾಣುವ, ಹೊಗೆಯಾಡುವ ದ್ರವ. ಮೈನಸ್ ನೂರಾ ತೊಂಬತ್ತಾರು ಡಿಗ್ರಿ. ಹಾಲಿನ ಕ್ಯಾನಿನ ಆಕಾರದ, ಎರಡು ಗೋಡೆಯ ದೊಡ್ಡ ಕ್ಯಾನುಗಳಲ್ಲಿ ಪ್ರತಿ ಮಂಗಳವಾರ ಗಾಡಿಯಲ್ಲಿ ಬರುತ್ತಿತ್ತು. ಬಳಸಲಿ ಬಿಡಲಿ, ಅದು ತಾನೇ ಆರಿಹೋಗುತ್ತ ಇರುತ್ತದೆ. ಆದ್ದರಿಂದ ಮುಂದಿನ ಮಂಗಳವಾರದವರೆಗೆ ಅಳೆದು ಬಳಸಬೇಕು. ರಬ್ಬರಿನ ತುಂಡು ಅದರಲ್ಲಿ ಅದ್ದಿದರೆ ಬಿಸ್ಕತ್ತಿನಂತಾಗುತ್ತಿತ್ತು. ಕುಟ್ಟಿ ಪುಡಿಮಾಡಿ ರಸಾಯನ ವಿಭಾಗಕ್ಕೆ ಕೊಡುತ್ತಿದ್ದೆವು. ಬಿರುಕುಬಿಟ್ಟ ಉಕ್ಕನ್ನು ಅದರಲ್ಲಿ ಮುಳುಗಿಸಿ ಒಂದೇ ಏಟು ಕೊಟ್ಟರೆ ಬಿರುಕು ಎರಡಾಗಿ ತೆರೆದುಕೊಳ್ಳುತ್ತಿತ್ತು.

ಈ ಬಿರುಕು ತೆರೆಯುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಉಕ್ಕಿನ ಒಳಗಿನ ಬಿರುಕು ಒಂದು ಮುಚ್ಚಿದ ಪುಸ್ತಕದಂತೆ. ಅದು ಎಷ್ಟು ಹಳೆಯದು, ಹೇಗೆ ಬೆಳೆಯಿತು ಎಂಬುದೆಲ್ಲ ಅದರ ಒಳಮುಖದ ಮೇಲೆ ಬರೆದಿರುತ್ತದೆ. ಸಾಕಷ್ಟು ತಣಿಸಿ ಒಡೆದರೆ ಉಳಿದ ಒಳ್ಳೆಯ ಉಕ್ಕು ಬಾಗದೆ, ಜಗ್ಗದೆ, ಸಕ್ಕರೆಯ ಹರಳಿನಂತೆ ಹೊಳೆಯುತ್ತ ಮುರಿಯುತ್ತದೆ. ಹಳೆಯ ಬಿರುಕು ಅದರ ಪಕ್ಕದಲ್ಲಿ ಮಾಸಲಾಗಿ, ಕಂದಾಗಿ, ಇದ್ದದ್ದು ಇದ್ದಂತೆ ಕಾಣುತ್ತದೆ. ತಣಿಸದೆ ಒಡೆದರೆ ಉಕ್ಕು ಬಾಗುತ್ತದೆ, ಮುಖಗಳು ಒಂದಕ್ಕೊಂದು ಉಜ್ಜುತ್ತವೆ, ಬರಹ ಅಳಿಸಿಹೋಗುತ್ತದೆ. ತೆರೆದ ಮುಖವನ್ನು ಬೆರಳಿನಿಂದಲೂ ಮುಟ್ಟಬಾರದು.

ನಾನು ಈ ಕೆಲಸದಲ್ಲಿ ಪಳಗಿದೆ. ಪಳಗಿದ್ದಕ್ಕಿಂತ ಹೆಚ್ಚಾಗಿ ಅದನ್ನು ತೋರಿಸಿಕೊಳ್ಳುವುದರಲ್ಲಿ ಪಳಗಿದೆ. ಪ್ರಯೋಗಾಲಯಕ್ಕೆ ಯಾರಾದರೂ ದೊಡ್ಡವರು ಬಂದರೆ ಸ್ಯಾಂಪಲ್ ರೂಮಿಗೂ ಕರೆತರುತ್ತಿದ್ದರು, ನಾನು ಆಟ ತೋರಿಸುತ್ತಿದ್ದೆ. ಗುಲಾಬಿ ಅದ್ದಿ ಮೇಜಿಗೆ ಬಡಿದರೆ ಗಾಜಿನ ಚೂರು. ಕಿತ್ತಳೆಯ ತೊಳೆಗಳನ್ನು ಅದ್ದಿ ಮೆಲ್ಲಗೆ ಕುಟ್ಟಿದರೆ ರಸದ ಒಂದೊಂದು ಕಾಳೂ ಮುತ್ತಿನಂತೆ ಬೇರೆಯಾಗಿ ಉರುಳುತ್ತಿತ್ತು. ನಾಗಪುರದವರಿಗೂ ಕಿತ್ತಳೆಯನ್ನು ಹಾಗೆ ನೋಡಿ ಗೊತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು. ಐಟಿಐ ಕಲಿತವನಿಗೆ ಡಾಕ್ಟರೇಟ್ ಪಡೆದವರ ಎದುರು ಚಪ್ಪಾಳೆ ಸಿಗುವ ಜಾಗ ಅದೊಂದೇ ಆಗಿತ್ತು.

ಒಂದು ವರ್ಷ ಮಾರ್ಚಿನಲ್ಲಿ ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ಕ್ರೇನಿನ ಕೊಕ್ಕೆ ಮುರಿದು, ಮೇಲಕ್ಕೆತ್ತಿದ್ದ ಉಕ್ಕಿನ ಹೊರೆ ಕೆಳಗೆ ಬಿತ್ತು. ಕೆಳಗಿದ್ದ ಕೆಲಸಗಾರನೊಬ್ಬನ ಕಾಲು ಹೋಯಿತು. ಕ್ರೇನ್ ನಡೆಸುತ್ತಿದ್ದವನು ಗಣಪತ ನೇವಾರೆ ಎಂಬ ಆಪರೇಟರ್. ಅವನು ಮಿತಿಮೀರಿ ಭಾರ ಎತ್ತಿದ, ಕುಡಿದಿದ್ದ ಎಂದು ಕಾರ್ಖಾನೆಯವರು ಅವನನ್ನು ಸಸ್ಪೆಂಡ್ ಮಾಡಿದರು. ಕೊಕ್ಕೆ ಕೆಲವು ದಿನಗಳಿಂದ ಸದ್ದು ಮಾಡುತ್ತಿತ್ತು, ಮೇಸ್ತ್ರಿಗೆ ಹೇಳಿದ್ದೆ ಎಂದು ಅವನು ಹೇಳಿದ. ಬರೆದು ಕೊಟ್ಟಿರಲಿಲ್ಲ, ಬಾಯಿಮಾತು. ವಿಚಾರಣಾ ಸಮಿತಿ ಕೊಕ್ಕೆಯನ್ನು ನಮ್ಮಲ್ಲಿಗೆ ಕಳಿಸಿತು. ಪ್ರಶ್ನೆ ಒಂದೇ. ಕೊಕ್ಕೆಯಲ್ಲಿ ಮೊದಲೇ ಬಿರುಕಿತ್ತೇ, ಅಥವಾ ಆ ಕ್ಷಣದ ಭಾರಕ್ಕೆ ಮುರಿಯಿತೇ?

ಮುರಿದ ಮುಖ್ಯ ಭಾಗ ಕೆಳಗೆ ಬಿದ್ದು ಜಜ್ಜಿಹೋಗಿ ನೋಡಲು ಬಾರದಂತಿತ್ತು. ಆದರೆ ಮುರಿದ ಜಾಗದ ಹತ್ತಿರ, ಕೆಂಪು ಬಣ್ಣದ ಎಣ್ಣೆ ಸವರಿ ನೋಡಿದಾಗ, ಇನ್ನೂ ಎರಡು ಸಣ್ಣ ಬಿರುಕು ಕಂಡವು. ವಾನಖೇಡೆ ಅವೆರಡನ್ನೂ ಬೇರೆಬೇರೆ ತುಂಡುಗಳಾಗಿ ಕೊಯ್ದು, ತಮ್ಮ ಕೈಯಿಂದಲೇ ಒಂದು, ಎರಡು ಎಂದು ನಂಬರ್ ಕೆತ್ತಿದರು. ಒಂದನೆಯದನ್ನು ತೆರೆದು ನೋಡುವುದು, ಎರಡನೆಯದನ್ನು ಬೀರುವಿನಲ್ಲಿ ಕಾದಿಡುವುದು ಎಂದು ಮೂರ್ತಿಗಳು ಹೇಳಿದರು. ತೆರೆಯುವ ಕೆಲಸ ನನ್ನದು. ವಾನಖೇಡೆ ಆ ವಾರ ರಜೆಯ ಮೇಲೆ ಹೋದರು.

ಗುರುವಾರ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಕುಟುಂಬಸಮೇತ ಬಂದರು. ನಾನು ಆಟ ತೋರಿಸಿದೆ. ಅವರ ಮಕ್ಕಳು ಇನ್ನೊಂದು, ಇನ್ನೊಂದು ಎಂದರು. ಒಂದು ಡಜನ್ ಕಿತ್ತಳೆ ಖರ್ಚಾಯಿತು. ನಾನು ಮೈಮರೆತಿದ್ದೆ. ಅವರೆಲ್ಲ ಹೋದ ಮೇಲೆ ಕ್ಯಾನಿನೊಳಗೆ ಕೋಲು ಇಳಿಸಿ ನೋಡಿದರೆ ತಳದಲ್ಲಿ ನಾಲ್ಕು ಬೆರಳಿನಷ್ಟು ದ್ರವ. ಮುಚ್ಚಳವನ್ನೂ ಸರಿಯಾಗಿ ಹಾಕಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದೂ ಇರಲಿಲ್ಲ. ಮುಂದಿನ ಗಾಡಿ ಮಂಗಳವಾರ. ಮೂರ್ತಿಗಳು ತುಂಡನ್ನು ಕೇಳಿದ್ದು ಶನಿವಾರಕ್ಕೆ.

ಮೇಲೆ ಹೋಗಿ ನೈಟ್ರೋಜನ್ ಮುಗಿದಿದೆ ಎಂದು ಹೇಳಿದ್ದರೆ ಮೂರು ದಿನ ತಡವಾಗುತ್ತಿತ್ತು, ಅಷ್ಟೇ. ಆದರೆ ಏಕೆ ಮುಗಿಯಿತು ಎಂದು ಅವರು ಕೇಳುತ್ತಿದ್ದರು. ಹಿಂದೊಮ್ಮೆ ಅವರು, "ಈ ಸರ್ಕಸ್ ಸ್ವಲ್ಪ ಕಡಿಮೆ ಮಾಡಿ" ಎಂದು ನಗುತ್ತಲೇ ಹೇಳಿದ್ದರು. ಆ ನಗುವಿನ ಎದುರು ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ನಾನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

ತುಂಡನ್ನು ಐಸ್ ಫ್ಯಾಕ್ಟರಿಯ ಮಂಜುಗಡ್ಡೆಯಲ್ಲಿ ಸ್ವಲ್ಪ ಹೊತ್ತು ಇಟ್ಟಂತೆ ಮಾಡಿ, ಮೇಜಿಗೆ ಜೋಡಿಸಿದ ಇಕ್ಕಳದಂಥ ವೈಸಿನಲ್ಲಿ ಬಿಗಿದು, ಸುತ್ತಿಗೆಯಿಂದ ಹೊಡೆದೆ. ಒಂದೇಟಿಗೆ ಒಡೆಯಲಿಲ್ಲ. ಬಾಗಿತು. ಆಚೆಯಿಂದ ಹೊಡೆದೆ, ಈಚೆಯಿಂದ ಹೊಡೆದೆ. ಏಳೆಂಟು ಏಟಿಗೆ ಎರಡಾಯಿತು. ಮುಖವೆಲ್ಲ ಜಗ್ಗಿ, ಉಜ್ಜಿ, ಒಂದು ಕಡೆ ಕಪ್ಪಗೆ ಕಲೆಯಂತೆ ಏನೋ ಇತ್ತು. ಅದು ವೈಸಿನ ಎಣ್ಣೆ, ಮಂಜುಗಡ್ಡೆಯ ಕೊಳೆ, ನನ್ನ ಕೈಯ ಹೊಲಸು ಎಂದು ನನಗೆ ನಾನೇ ಹೇಳಿಕೊಂಡೆ. ತಂತಿಯ ಬ್ರಶ್ ತೆಗೆದುಕೊಂಡು ತಿಕ್ಕಿದೆ. ಮೇಲೆ ಸ್ವಲ್ಪ ಆಸಿಡ್ ಹಾಕಿ ತೊಳೆದೆ. ಬೆಳ್ಳಗೆ ಹೊಳೆಯಿತು. ರಿಜಿಸ್ಟರಿನಲ್ಲಿ ಬರೆದೆ: ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹದಿನೈದು ನಿಮಿಷ, ಒಂದು ಏಟು. ಕೆಳಗೆ ಸಹಿ ಮಾಡಿದೆ.

ಮೂರ್ತಿಗಳು ಶನಿವಾರ ಅದನ್ನು ಸೂಕ್ಷ್ಮದರ್ಶಕದಡಿ ಬಹಳ ಹೊತ್ತು ನೋಡಿದರು. ಮುಖ ಸ್ವಲ್ಪ ವಿಚಿತ್ರವಾಗಿದೆಯಲ್ಲ ಎಂದರು. ಚೆನ್ನಾಗಿ ತಣ್ಣಗಾಗಿತ್ತೇ ಎಂದು ಕೇಳಿದರು. "ಹೌದ್ರಿ ಸರ್, ಬರೋಬರ್ ಹದಿನೈದು ನಿಮಿಷ ಇಟ್ಟಿದ್ದೆ" ಎಂದೆ. ಚಿಮಟವನ್ನು ಅಂಕಿಯಲ್ಲೇ ಕಂಡುಹಿಡಿದ ಮನುಷ್ಯ ನನ್ನ ಮಾತನ್ನು ನಂಬಿದರು. ಆ ದಿನಗಳಲ್ಲಿ ಅವರ ಮೇಜಿನ ಮೇಲೆ ಫೈಲುಗಳ ಗುಡ್ಡೆ ಇತ್ತು. ಸಮಿತಿಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಹಳೆಯ ಬಿರುಕಿನ ಕುರುಹು ಕಾಣುವುದಿಲ್ಲ, ಅತಿಭಾರದಿಂದ ಮುರಿದಿರುವ ಸಾಧ್ಯತೆ ಹೆಚ್ಚು ಎಂದು ವರದಿ ಹೋಯಿತು. ನೇವಾರೆಯ ಕೆಲಸ ಹೋಯಿತು.

ವರದಿ ಹೋದ ಮೇಲೆ ಒಂದು ದಿನ ನೇವಾರೆ ಪ್ರಯೋಗಾಲಯದ ಗೇಟಿಗೆ ಬಂದಿದ್ದ. ನಲವತ್ತರ ಆಸುಪಾಸಿನ, ಗಟ್ಟಿ ಮೈಯ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಇನ್ನೊಮ್ಮೆ ನೋಡಲು ಹೇಳಿ ಎಂದು ಗೇಟಿನವನನ್ನು ಕೇಳಿಕೊಳ್ಳುತ್ತಿದ್ದ. ನಾನು ಚಹಾ ಕುಡಿಯಲು ಹೊರಟವನು ಹಿಂದಿನ ಬಾಗಿಲಿನಿಂದ ಹೋದೆ. ಆಮೇಲೆ ಅವನು ಮೂರು ಸಲ ಬಂದನೆಂದು ಕೇಳಿದೆ. ಮೂರೂ ಸಲ ಗೇಟಿನಿಂದಲೇ ಕಳಿಸಿದ್ದರು.

ಇನ್ನೊಂದನ್ನೂ ಹೇಳಬೇಕು. ಬೀರುವಿನಲ್ಲಿದ್ದ ಎರಡನೆಯ ತುಂಡು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಜೂನಿನಲ್ಲಿ ಒಂದು ದಿನ ಅದನ್ನು ತೆಗೆದು ಗುಜರಿ ಡ್ರಮ್ಮಿಗೆ ಹಾಕಿದೆ. ಸಂಜೆ ಮನೆಗೆ ಹೋಗುವ ಮುಂಚೆ ಮತ್ತೆ ಹೆಕ್ಕಿ ಬೀರುವಿನಲ್ಲಿಟ್ಟೆ. ಮನಸ್ಸು ಕರಗಿ ಅಲ್ಲ. ಅದರ ಮೇಲೆ ವಾನಖೇಡೆ ಕೆತ್ತಿದ ನಂಬರ್ ಇತ್ತು. ಗುಜರಿಯವನ ಕೈಯಲ್ಲಿ ಯಾರಾದರೂ ನೋಡಿದರೆ ಸಿಕ್ಕಿಬೀಳುತ್ತೇನೆಂದು ಹೆದರಿದೆ. ಆ ತುಂಡು ಉಳಿದದ್ದು ನನ್ನ ಹೆದರಿಕೆಯಿಂದ. ಯಾರಾದರೂ ಈ ಕಥೆಯಲ್ಲಿ ನನ್ನ ಒಳ್ಳೆಯತನ ಹುಡುಕಿದರೆ ಅದು ಇಲ್ಲಿ ಇಲ್ಲ.

ಮುಂದಿನ ಜನವರಿಯಲ್ಲಿ ಅದೇ ಕಾರ್ಖಾನೆಯಿಂದ ಇನ್ನೊಂದು ಕೊಕ್ಕೆ ಬಂತು. ಮುರಿದಿರಲಿಲ್ಲ. ತಪಾಸಣೆಯಲ್ಲಿ ಬಿರುಕು ಕಂಡು ಕಳಚಿದ್ದರು. ಈ ಸಲ ಕ್ಯಾನು ತುಂಬಿತ್ತು. ವಾನಖೇಡೆಯ ಎದುರಿಗೆ, ತುಂಡಿನ ಸುತ್ತ ದ್ರವ ಕುದಿಯುವುದು ನಿಲ್ಲುವವರೆಗೂ ಮುಳುಗಿಸಿ, ಒಂದು ಏಟು ಕೊಟ್ಟೆ. ಬಳೆ ಒಡೆದಂಥ ಸದ್ದು. ತೆರೆದ ಮುಖವನ್ನು ದೀಪದ ಕೆಳಗೆ ಹಿಡಿದೆ. ಬೇಸಿಗೆಯಲ್ಲಿ ಕೆರೆ ಒಣಗುತ್ತ ಹೋದಂತೆ ದಡದಲ್ಲಿ ಒಂದರ ಕೆಳಗೊಂದು ಗೆರೆ ಮೂಡುತ್ತದಲ್ಲ, ಹಾಗೆ ಕಂದು ಬಣ್ಣದ ಅರ್ಧಚಂದ್ರ ಗೆರೆಗಳು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬೆಳೆದ ಬಿರುಕು. ಕಳೆದ ಮಾರ್ಚಿನಲ್ಲಿ ನಾನು ಬ್ರಶ್ಶಿನಿಂದ ತಿಕ್ಕಿ ತೆಗೆದ ಕಪ್ಪು ಕಲೆ ಏನೆಂಬುದು ಆಗ ಖಚಿತವಾಯಿತು.

ಮೂರ್ತಿಗಳು ನೋಡಿ, "ಎರಡೂ ಒಂದೇ ಕಂಪನಿ ಕೊಕ್ಕೆ, ಒಂದೇ ಸಲ ತಂದಿದ್ದು. ಆದ್ರೆ ಅದರಲ್ಲಿ ಇದು ಇರಲಿಲ್ವಲ್ಲ" ಎಂದರು. ನನ್ನನ್ನು ಕೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು. ನಾನು ಆಗಲೂ ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಬಿಡಲಿಲ್ಲ.

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಗಿರಿಜಾ ಮೊದಲು ಜ್ವರವೆಂದು ತಿಳಿದಳು. ಆಮೇಲೆ ಬಿಡದೆ ಕೇಳಿದಳು. ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ನಾನು ಅವಳಿಂದ ಸಮಾಧಾನದ ಮಾತು ನಿರೀಕ್ಷಿಸುತ್ತಿದ್ದೆ.

"ಅವಗ ಹೆಂಡತಿ ಅದಾಳೇನ್ರಿ?" ಎಂದಳು.

"ಇರಬೇಕು."

"ಆಕಿ ಹತ್ತು ತಿಂಗಳಿಂದ ಊರಾಗ ಹೆಂಗ ತಿರಗತಾಳ? ಕುಡಕನ ಹೆಂಡತಿ ಅನಸ್ಕೊಂಡು." ಮತ್ತೆ ಮೊರ ಎತ್ತಿಕೊಂಡಳು. "ನಾಳೆ ಸಾಹೇಬರಿಗೆ ಹೇಳ್ರಿ. ಹೇಳದಽ ಮನಿಗೆ ಬರಬ್ಯಾಡ್ರಿ."

ಮರುದಿನ ಬೆಳಿಗ್ಗೆ ಮೂರ್ತಿಗಳ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಎಲ್ಲ ಹೇಳಿದೆ. ಕಿತ್ತಳೆ, ಮುಚ್ಚಳ, ಬ್ರಶ್, ಆಸಿಡ್, ರಿಜಿಸ್ಟರ್. ಗುಜರಿ ಡ್ರಮ್ಮಿನ ಮಾತನ್ನು ಮಾತ್ರ ಹೇಳಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧನಾಗಿದ್ದೆ.

"ಎರಡನೇ ತುಂಡು ಇದೆಯಾ?" ಎಂದರು.

"ಐತ್ರಿ ಸರ್."

"ತಗೊಂಡು ಬನ್ನಿ. ನಾನೂ ಬರ್ತೀನಿ ಕೆಳಗೆ."

ಸ್ಯಾಂಪಲ್ ರೂಮಿನಲ್ಲಿ ಅವರು ಗಡಿಯಾರ ಹಿಡಿದು ನಿಂತರು. ಈ ಸಲ ಏಟು ಕೊಟ್ಟವರು ವಾನಖೇಡೆ. ಅರ್ಧಚಂದ್ರದ ಕಂದು ಗೆರೆಗಳು ಅಲ್ಲಿಯೂ ಇದ್ದವು. ಮೂರ್ತಿಗಳು ಮೇಲೆ ಹೋಗಿ ಆ ದಿನವೇ ಹೊಸ ವರದಿ ಬರೆದರು. ಅದನ್ನು ಟೈಪ್ ಮಾಡಿದವರು ನನಗೆ ಆಮೇಲೆ ತೋರಿಸಿದರು. ಮೊದಲ ಮಾದರಿಯ ತಯಾರಿಕೆಯಲ್ಲಿ ಲೋಪವಾಗಿತ್ತು, ಅದನ್ನು ಪರಿಶೀಲಿಸದೆ ನಿರ್ಣಯಕ್ಕೆ ಬಂದದ್ದು ತಮ್ಮ ತಪ್ಪು ಎಂದು ಬರೆದಿದ್ದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಏಕೆಂದು ನಾನು ಹೋಗಿ ಕೇಳಿದೆ. "ನಿಮ್ಮ ಹೆಸರು ಬರೆಯೋದು ಸುಲಭ ಹೂಗಾರ್. ಆದ್ರೆ ಸಹಿ ನಂದು. ಮುಖ ಸರಿ ಇಲ್ಲ ಅಂತ ನನಗೆ ಅನ್ನಿಸಿತ್ತು. ಅನ್ನಿಸಿಯೂ ಹಾಕಿದೆ" ಎಂದರು. ಇಲ್ಲ ಸರ್, ನನ್ನ ಹೆಸರು ಹಾಕಿ ಎಂದು ನಾನು ಹೇಳಬಹುದಿತ್ತು. ಬಾಗಿಲವರೆಗೆ ಬಂದು ಒಂದು ಕ್ಷಣ ನಿಂತೆ ಕೂಡ. ಆಮೇಲೆ ಮೆಟ್ಟಿಲಿಳಿದು ಬಂದೆ.

ಮುಖ್ಯ ಕಚೇರಿಯವರು ಮೂರ್ತಿಗಳನ್ನು ಕರೆಸಿ ವಿಚಾರಿಸಿದರು. ಅಪಘಾತಗಳ ತನಿಖೆಯಿಂದ ಅವರನ್ನು ತೆಗೆದು ಗ್ರಂಥಾಲಯದ ಮೇಲ್ವಿಚಾರಣೆಗೆ ಹಾಕಿದರು. ನಿವೃತ್ತಿಯವರೆಗೂ ಅವರು ಅಲ್ಲಿಯೇ ಇದ್ದರು. ನನ್ನೊಡನೆ ಮಾತು ಬಿಡಲಿಲ್ಲ, ಕಠಿಣವಾಗಿಯೂ ಆಡಲಿಲ್ಲ. ಆದರೆ ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸಿದರು. ಎದುರು ಸಿಕ್ಕರೆ ಎಲ್ಲರೊಡನೆ ಆಡುವ ಹಿಂದಿಯಲ್ಲೇ, "ಕೈಸೇ ಹೋ" ಎನ್ನುತ್ತಿದ್ದರು. ಆ ಹಿಂದಿಯಷ್ಟು ತಣ್ಣನೆಯದನ್ನು ನಾನು ಆ ಕಟ್ಟಡದಲ್ಲಿ ಮುಟ್ಟಿಲ್ಲ.

ಅವರು ಹೋಗುವ ಮುಂಚೆ ಮಾಡಿದ ಒಂದು ಬದಲಾವಣೆ ಉಳಿಯಿತು. ಮಾದರಿ ಮುರಿಯುವಾಗ ಇಬ್ಬರಿರಬೇಕು, ತಾಪಮಾನ ಬರೆಯುವವನು ಬೇರೆ, ಏಟು ಕೊಡುವವನು ಬೇರೆ, ತೆರೆದ ಕೂಡಲೇ ತೊಳೆಯುವ ಮುಂಚೆ ಫೋಟೋ ತೆಗೆಯಬೇಕು. ನಿಮಗೆ ಈಗ ಅದು ಸುಮ್ಮನೆ ಕಾಟ ಅನ್ನಿಸಬಹುದು. ಅಂಥ ಪ್ರತಿ ನಿಯಮದ ಹಿಂದೆ ನನ್ನಂಥವನೊಬ್ಬ ಇರುತ್ತಾನೆ.

ನೇವಾರೆಗೆ ಬೇಸಿಗೆಯ ಹೊತ್ತಿಗೆ ಮರಳಿ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಅವನು ಹೆಂಡತಿ ಸುಮನ್‌ಬಾಯಿಯೊಡನೆ ನಮ್ಮಲ್ಲಿಗೆ ಬಂದ. ಈ ಸಲ ಗೇಟಿನವನು ಒಳಗೆ ಬಿಟ್ಟ. ಕೋರಾಡಿ ದೇವಿಯ ಗುಡಿಯಿಂದ ತೆಂಗಿನಕಾಯಿ ಪ್ರಸಾದ ತಂದಿದ್ದರು. ತಪ್ಪು ಸಿಕ್ಕಿದ್ದು ಹೇಗೆಂದು ಗುಮಾಸ್ತರಾರೋ ಅವರಿಗೆ ಹೇಳಿದ್ದರಂತೆ: ಮೇಲಿನ ಸಾಹೇಬರ ವರದಿ ತಪ್ಪಾಗಿತ್ತು, ಕೆಳಗಿನ ಸ್ಯಾಂಪಲ್ ರೂಮಿನ ಕರ್ನಾಟಕದವನೊಬ್ಬ ಹೋಗಿ ಇನ್ನೊಂದು ತುಂಡು ನೋಡಿ ಎಂದು ಹೇಳಿ ತಿದ್ದಿಸಿದ. ನೇವಾರೆ ನನ್ನ ಎರಡೂ ಕೈ ಹಿಡಿದುಕೊಂಡ. ಸುಮನ್‌ಬಾಯಿ ಕಾಲು ಮುಟ್ಟಲು ಬಗ್ಗಿದಳು. ವಾನಖೇಡೆಗೆ ಎಲ್ಲ ಗೊತ್ತಿತ್ತು. ಅವರು ವೈಸಿನ ಕಡೆ ತಿರುಗಿ ನಿಂತರು.

ಆಗ ನಾನು ಹೇಳಿದ ಮಾತು ಇದು: "ಅರೇ ಭಾವು, ಯೇ ತೋ ಹಮಾರಾ ಕಾಮ್ ಹೈ." ಇದು ನಮ್ಮ ಕೆಲಸವಲ್ಲವೇ.

ನನ್ನ ವೃತ್ತಿಜೀವನದಲ್ಲಿ ನಾನು ಆಡಿದ ಅತಿ ನಾಚಿಕೆಗೇಡಿನ ಮಾತು ಯಾವುದೆಂದು ಕೇಳಿದರೆ ರಿಜಿಸ್ಟರಿನ ಆ ಸಾಲು ಎಂದು ನಾನು ಹೇಳುವುದಿಲ್ಲ. ಇದು.

ಆಮೇಲೆ ಇಪ್ಪತ್ತೈದು ವರ್ಷ ಕೆಲಸ ಮಾಡಿದೆ. ಆಟ ತೋರಿಸುವುದನ್ನು ಬಿಟ್ಟೆ. ಕೆಲಸದಲ್ಲಿ ಕಟ್ಟುನಿಟ್ಟಾಗಿದ್ದೆ. ಹೊಸಬರು ನನ್ನನ್ನು ಬಹಳ ಪ್ರಾಮಾಣಿಕನೆಂದು ಹೇಳುತ್ತಿದ್ದರು. ಪ್ರತಿ ವರ್ಷ ನವರಾತ್ರಿಯ ಹೊತ್ತಿಗೆ ನೇವಾರೆಯ ಮನೆಯಿಂದ ಯಾರದಾದರೂ ಕೈಯಲ್ಲಿ ಪ್ರಸಾದ ಬರುತ್ತಿತ್ತು. ಗಿರಿಜಾ ಅದನ್ನು ತೆಗೆದುಕೊಂಡು, ನನಗೆ ಕೊಡದೆ, ಅಕ್ಕಪಕ್ಕದವರಿಗೆ ಹಂಚುತ್ತಿದ್ದಳು.

ನಿವೃತ್ತನಾಗಿ ಮನೀಶ್ ನಗರದ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೋರಾಡಿಯ ಬಸ್ಸು ಹತ್ತಿದೆ. ನೇವಾರೆಯ ಮನೆ ಆ ರಸ್ತೆಯಲ್ಲೇ. ಮಂಡಿನೋವಿನಿಂದ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ವಯಸ್ಸಾದ ಅವರನ್ನು ಅವನು ಎಂದು ಬರೆಯಲು ಈಗ ನನ್ನ ಕೈ ಬರುವುದಿಲ್ಲ. ಸುಮನ್‌ಬಾಯಿ ನನ್ನನ್ನು ಕಂಡವರೇ ಒಳಗೆ ಚಹಾಕ್ಕೆ ಇಟ್ಟರು. ಅವರು ಒಳಗಿರುವಾಗಲೇ ನಾನು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಗುಜರಿ ಡ್ರಮ್ಮಿನದ್ದನ್ನೂ ಹೇಳಿದೆ.

ನೇವಾರೆ ರಸ್ತೆಯ ಕಡೆ ನೋಡುತ್ತಿದ್ದರು. ಅತ್ತ ನೋಡುತ್ತಲೇ ಮರಾಠಿಯಲ್ಲಿ ಕೇಳಿದರು. "ತುಮ್ಹಾಲಾ ಕಧೀಪಾಸೂನ್ ಮಾಹೀತ್ ಹೋತಂ?" ನಿಮಗೆ ಯಾವಾಗಿನಿಂದ ಗೊತ್ತಿತ್ತು.

ಬ್ರಶ್ ಹಿಡಿದ ದಿನದಿಂದ, ಎಂದೆ.

ಅವರು ತಮ್ಮ ತಂದೆಯ ವಿಷಯ ಹೇಳಿದರು. ತಂದೆ ಬಟ್ಟೆ ಗಿರಣಿಯಲ್ಲಿ ನಲವತ್ತು ವರ್ಷ ದುಡಿದವರು, ಕುಡಿತ ಕಂಡರೆ ಆಗದವರು. ಕೊಕ್ಕೆ ಮುರಿದ ವರ್ಷದ ದೀಪಾವಳಿಗೆ ಮುಂಚೆ ತೀರಿಕೊಂಡರು. ಹಾಸಿಗೆ ಹಿಡಿದಾಗ ದಿನವೂ ಮಗನನ್ನು ಕೇಳುತ್ತಿದ್ದರಂತೆ: ನಿಜ ಹೇಳು, ಅವತ್ತು ಕುಡಿದಿದ್ದೆಯಾ? ಇಲ್ಲ ಬಾಬಾ ಎಂದರೆ ಮುಖ ತಿರುಗಿಸುತ್ತಿದ್ದರಂತೆ. ಹೊಸ ವರದಿ ಬರುವ ಮೂರು ತಿಂಗಳ ಮುಂಚೆ ಅವರು ಹಾಗೆಯೇ ಹೋದರು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ನೇವಾರೆ ಕೈ ಎತ್ತಿ ತಡೆದರು. ಅವರ ದನಿ ಏರಲಿಲ್ಲ. ಹಿಂದಿಯಲ್ಲಿ ಹೇಳಿದ್ದನ್ನು ನೆನಪಿದ್ದಂತೆ ಬರೆಯುತ್ತೇನೆ.

"ನೀವು ನನಗೆ ಹೇಳಿದಿರಿ, ಆಯಿತು. ಅವಳಿಗೆ ಹೇಳಬೇಡಿ. ಆ ವರ್ಷ ಅವಳಿಗೆ ಸಿಕ್ಕಿದ ಒಳ್ಳೆ ಮನುಷ್ಯ ನೀವೊಬ್ಬರೇ. ಅದನ್ನೂ ಕಿತ್ತುಕೊಂಡು ಹೋಗಬೇಡಿ. ಚಹಾ ಕುಡಿದು ಹೋಗಿ."

ಸುಮನ್‌ಬಾಯಿ ಚಹಾ ತಂದರು. ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆ ನಿಂತಿದ್ದಳು. ಅವಳನ್ನು ಕರೆದು, ನಮ್ಮ ಮನೆ ಉಳಿಸಿದ ಸಾಹೇಬರು ಇವರೇ ಎಂದು ತೋರಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನು ಆ ಹೆಂಗಸು ವಿನಯ ಎಂದುಕೊಂಡಿರಬೇಕು. ನೇವಾರೆ ನನ್ನ ಕಡೆ ನೋಡಲಿಲ್ಲ. ಚಹಾ ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, ಎಲ್ಲರಿಗೂ ಕೈಮುಗಿದು ಬಂದೆ.

ರಶ್ಮಿ, ಆ ಮನೆಯ ಹೆಸರು, ಊರಿನ ಗುರುತು ಎಲ್ಲವನ್ನೂ ಇಲ್ಲಿ ಬದಲಿಸಿದ್ದೇನೆ. ಅಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ ಎಂಬುದನ್ನೂ ನೀನು ತಿಳಿದುಕೊಂಡಿರು.